ಕೆರೆಯ ತಳದಲ್ಲಿ ನಡೆಯುವುದೇನು? ಪಾಚಿ, ಕೆಸರು ಮತ್ತು ನಮ್ಮ ನೀರು

ವಿಜಯಪುರ ಜಿಲ್ಲೆಯಲ್ಲಿ ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟಿದ್ದ ಅನೇಕ ಕೆರೆಗಳಿಗೆ ಏತ ನೀರಾವರಿಯ ಪೈಪುಗಳ ಮೂಲಕ ಕೃಷ್ಣೆಯ ನೀರು ಬಂದಿದೆ. ಜನ ಬಾಗಿನ ಅರ್ಪಿಸಿ ಬರಮಾಡಿಕೊಂಡ ನೀರು ಅದು. ಆದರೆ ಹೀಗೆ ತುಂಬಿದ ಕೆರೆ ಕೆಲವೇ ತಿಂಗಳಲ್ಲಿ ಹಸಿರಾಗಬಹುದು, ದಡದ ಬಳಿ ಹಾವಸೆ ತೇಲಬಹುದು, ಬೇಸಿಗೆ ಬಂತೆಂದರೆ ನಲ್ಲಿಯ ನೀರಿಗೂ ಮಣ್ಣಿನ ವಾಸನೆ ಹತ್ತಬಹುದು. ಆಗ ಏಳುವ ಪ್ರಶ್ನೆ ನ್ಯಾಯವಾದದ್ದೇ: ನದಿಯಿಂದ ಎತ್ತುವಾಗ ತಿಳಿಯಾಗಿದ್ದ ನೀರಿಗೆ ಇಲ್ಲಿ ಬಂದ ಮೇಲೆ ಏನಾಯಿತು? ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲೂ, ಬೆಳಗಾವಿ ಜಿಲ್ಲೆಯ ಬಾಂದಾರಗಳ ಹಿಂದೆ ನಿಂತ ನೀರಿನ ಬಳಿಯೂ ಇದನ್ನೇ ಕೇಳಬಹುದು.

ಉತ್ತರದ ದೊಡ್ಡ ಪಾಲು ಇರುವುದು ನೀರಿನ ತಳದಲ್ಲಿ. ಅಲ್ಲಿ ಕಲ್ಲು, ಮರಳು, ಕೆಸರುಗಳ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಒಂದು ಜೀವಂತ ಪದರ ಹಬ್ಬಿಕೊಂಡಿರುತ್ತದೆ. ಮೇಲಿನ ನೀರು ತಿಳಿಯಾಗಿರಬೇಕೋ ಹಸಿರಾಗಬೇಕೋ, ಮೀನಿಗೆ ಉಸಿರು ಸಿಗಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಪದರ. ಅದನ್ನು ನಾವು ಕೊಳೆ ಎಂದು ಕರೆದು ಸುಮ್ಮನಾಗಿದ್ದೇವೆ. ಕೆರೆಗಳಿಗೆ ಇಷ್ಟೊಂದು ಹಣ ಮತ್ತು ನೀರು ಹರಿಯುತ್ತಿರುವ ಈ ಹೊತ್ತಿನಲ್ಲಾದರೂ ಅದನ್ನು ಸರಿಯಾಗಿ ಅರಿಯಬೇಕು.

ಕಲ್ಲಿನ ಮೇಲಿನ ಲೋಳೆಯಲ್ಲಿ ಯಾರಿದ್ದಾರೆ?

ಮಲಪ್ರಭೆಯಲ್ಲೋ ಘಟಪ್ರಭೆಯಲ್ಲೋ ಮೊಣಕಾಲುದ್ದ ನೀರಿಗಿಳಿದು ಒಂದು ಕಲ್ಲನ್ನು ಎತ್ತಿಕೊಂಡರೆ ಬೆರಳು ಜಾರುತ್ತದೆ. ಆ ಲೋಳೆಯಲ್ಲಿ ಪಾಚಿಗಳಿವೆ, ಬ್ಯಾಕ್ಟೀರಿಯಾಗಳಿವೆ, ಶಿಲೀಂಧ್ರಗಳಿವೆ, ಇವನ್ನೆಲ್ಲ ಮೇಯುವ ಏಕಕೋಶ ಪ್ರಾಣಿಗಳೂ ಇವೆ. ಇವು ಸ್ರವಿಸುವ ಅಂಟು, ಮುಖ್ಯವಾಗಿ ಸಕ್ಕರೆಯ ಅಣುಗಳ ಉದ್ದನೆಯ ಸರಪಳಿಗಳಿಂದಾದದ್ದು, ಎಲ್ಲವನ್ನೂ ಕಲ್ಲಿಗೆ ಹಿಡಿದಿಡುತ್ತದೆ. ಹೊಳೆಯ ಸೆಳೆತಕ್ಕೆ ಕೊಚ್ಚಿಹೋಗದಂತೆ, ನೀರು ಇಳಿದಾಗ ಒಮ್ಮೆಲೇ ಒಣಗಿಹೋಗದಂತೆ ಕಾಯುವುದೂ ಅದೇ ಅಂಟು. ವಿಜ್ಞಾನಿಗಳು ಇಂಥ ಪದರವನ್ನು ಬಯೋಫಿಲ್ಮ್ ಎನ್ನುತ್ತಾರೆ. ಕನ್ನಡದಲ್ಲಿ ಜೈವಿಕ ಪದರ ಎನ್ನಬಹುದು.

ಪಾಚಿಗಳಲ್ಲಿ ಎರಡು ಬಗೆಯ ಬದುಕಿದೆ. ಕೆಲವು ನೀರಿನಲ್ಲಿ ತೇಲುತ್ತ ಬದುಕುತ್ತವೆ. ಕೆರೆಯ ನೀರು ಪೂರ್ತಿ ಹಸಿರಾಗಿ ಕಂಡರೆ ಅದು ಸಾಮಾನ್ಯವಾಗಿ ಈ ತೇಲು ಪಾಚಿಗಳ ಬಣ್ಣ. ಇನ್ನು ಕೆಲವು ತಳಕ್ಕೆ ಅಂಟಿಕೊಂಡೇ ಬದುಕುತ್ತವೆ. ಇವು ತಳವಾಸಿಗಳು. ಒಂದೇ ಬೆಳಕು, ಒಂದೇ ಗೊಬ್ಬರಾಂಶಕ್ಕಾಗಿ ಈ ಎರಡು ಗುಂಪುಗಳ ನಡುವೆ ಸದಾ ಪೈಪೋಟಿ ಇರುತ್ತದೆ. ಆಳವಿಲ್ಲದ ಕೆರೆಯ ಹಣೆಬರಹವೆಲ್ಲ ಈ ಪೈಪೋಟಿಯಲ್ಲಿ ಯಾರ ಕೈ ಮೇಲಾಯಿತು ಎಂಬುದರ ಮೇಲೆ ನಿಂತಿದೆ.

ತಳವಾಸಿಗಳಲ್ಲಿ ಮುಖ್ಯವಾದ ಮೂರು ವರ್ಗಗಳನ್ನು ಬರಿಗಣ್ಣಿಗೇ ಸುಮಾರಾಗಿ ಗುರುತಿಸಬಹುದು. ಕಲ್ಲಿನ ಮೇಲೆ ಕಂದು ಅಥವಾ ಹೊಂಬಣ್ಣದ ತೆಳು ಲೋಳೆ ಕಂಡರೆ ಅದು ಬಹುಪಾಲು ಡಯಾಟಮ್. ಇದು ಏಕಕೋಶ ಪಾಚಿ. ಮರಳಿನಲ್ಲಿರುವ ಸಿಲಿಕಾದಿಂದಲೇ ತನಗೊಂದು ಪಾರದರ್ಶಕ ಚಿಪ್ಪು ಮಾಡಿಕೊಳ್ಳುತ್ತದೆ. ಕಡಲು ಮತ್ತು ಸಿಹಿನೀರಿನ ಡಯಾಟಮ್‌ಗಳೆಲ್ಲ ಸೇರಿ ಭೂಮಿಯ ದ್ಯುತಿಸಂಶ್ಲೇಷಣೆಯ ಸುಮಾರು ಐದನೇ ಒಂದು ಪಾಲನ್ನು ನಡೆಸುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಉದ್ದನೆಯ ಹಸಿರು ಎಳೆಗಳು ಕಂಡರೆ ಸ್ಪೈರೋಗೈರಾ, ಕ್ಲಾಡೊಫೋರಾದಂಥ ಹಸಿರು ಪಾಚಿಗಳು. ಕಡು ಹಸಿರು, ಕೆಲವೊಮ್ಮೆ ಕಪ್ಪನೆಯ, ತೊಗಲಿನಂಥ ಹೊದಿಕೆ ಕಂಡರೆ ನೀಲಿ-ಹಸಿರು ಪಾಚಿ. ಹೆಸರು ಪಾಚಿಯಾದರೂ ಇದು ನಿಜಕ್ಕೂ ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ. ಇವುಗಳಲ್ಲಿ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿ ಪರಿವರ್ತಿಸಿಕೊಳ್ಳಬಲ್ಲವು. ಆದ್ದರಿಂದ ಬೇರೆಯವು ಹಸಿದಿರುವ ನೀರಿನಲ್ಲೂ ಇವು ಬೆಳೆಯುತ್ತವೆ.

ಬೆಳಕು ಎಷ್ಟು ಆಳ ಇಳಿಯುತ್ತದೆ?

ಪಾಚಿಗೆ ಬೆಳಕು ಬೇಕು. ನೀರಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಉಳಿಯುವ ಆಳವನ್ನು ಸಾಮಾನ್ಯವಾಗಿ ಪಾಚಿಯ ಬದುಕಿನ ಗಡಿ ಎಂದು ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಕೆಳಗೆ ಬೆಳಕಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳದ್ದೇ ರಾಜ್ಯ. ವಿಜಯಪುರದ ತಾಜ್ ಬಾವಡಿಯಂಥ ದೊಡ್ಡ ಬಾವಿಗಳಲ್ಲಿ ಮೆಟ್ಟಿಲುಗಳ ಮೇಲೆ ಹಸಿರು ಕಟ್ಟುವುದಕ್ಕೂ, ಆಳದ ತಳದಲ್ಲಿ ಬರೀ ಕಪ್ಪು ಕೆಸರಿರುವುದಕ್ಕೂ ಇದೇ ಕಾರಣ.

ನಮ್ಮ ನದಿಗಳಲ್ಲಿ ಈ ಗಡಿ ಋತುವಿನೊಂದಿಗೆ ಮೇಲೆ ಕೆಳಗೆ ಸರಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಕೆಮ್ಮಣ್ಣು, ಬಯಲಿನ ಎರೆಮಣ್ಣು ಎರಡೂ ಹರಿದು ಬಂದು ನೀರು ರಾಡಿಯಾಗುತ್ತದೆ. ಗೋಕಾಕ ಜಲಪಾತದಲ್ಲಿ ಧುಮ್ಮಿಕ್ಕುವ ಘಟಪ್ರಭೆಯ ಬಣ್ಣ ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಎರೆಮಣ್ಣಿನ ಕಣಗಳು ಎಷ್ಟು ನುಣುಪೆಂದರೆ ನಿಂತ ನೀರಿನಲ್ಲೂ ಬಹುಕಾಲ ತಳಕ್ಕಿಳಿಯುವುದಿಲ್ಲ. ಬೆಳಕಿಲ್ಲ, ಮೇಲಾಗಿ ಪ್ರವಾಹದ ಉಜ್ಜಾಟ: ಆ ಕಾಲದಲ್ಲಿ ಕಲ್ಲಿನ ಲೋಳೆ ಕಿತ್ತುಹೋಗುತ್ತದೆ. ದಸರೆ, ದೀಪಾವಳಿಯ ಹೊತ್ತಿಗೆ ಹರಿವು ತಗ್ಗಿ ನೀರು ತಿಳಿಯಾಗುತ್ತಿದ್ದಂತೆ ಮೊದಲು ಬ್ಯಾಕ್ಟೀರಿಯಾ, ಆಮೇಲೆ ಡಯಾಟಮ್, ಅದರ ಬೆನ್ನಿಗೆ ಎಳೆಯ ಪಾಚಿ ಹೀಗೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಚಳಿಗಾಲದ ತಿಂಗಳುಗಳೇ ಇದರ ಸುಗ್ಗಿ. ಮಾರ್ಚ್ ದಾಟಿದ ಮೇಲೆ ಹರಿವು ನಿಂತು ಮಡುಗಳಷ್ಟೇ ಉಳಿಯುತ್ತವೆ, ನೀರು ಕಾಯುತ್ತದೆ, ಆಗ ಆಟದ ನಿಯಮಗಳೇ ಬದಲಾಗುತ್ತವೆ.

ನಿಮ್ಮೂರಿನ ಕೆರೆಯಲ್ಲಿ ಬೆಳಕು ಎಷ್ಟು ಆಳ ಇಳಿಯುತ್ತದೆ ಎಂದು ತಿಳಿಯಲು ಪ್ರಯೋಗಾಲಯ ಬೇಡ. 1865ರಲ್ಲಿ ಇಟಲಿಯ ಏಂಜೆಲೊ ಸೆಕ್ಕಿ ಎಂಬ ಖಗೋಳಶಾಸ್ತ್ರಜ್ಞ ಹಗ್ಗಕ್ಕೆ ಕಟ್ಟಿದ ಬಿಳಿಯ ತಟ್ಟೆಯನ್ನು ಕಡಲಿಗೆ ಇಳಿಬಿಟ್ಟು, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಅಳೆದ. ಇಂದಿಗೂ ಜಗತ್ತಿನ ಕೆರೆಗಳನ್ನು ಅಳೆಯುವುದು ಅದೇ ಉಪಾಯದಿಂದ. ಬಿಳಿ ಬಣ್ಣ ಬಳಿದ ಒಂದು ತಾಟು, ಗುರುತು ಮಾಡಿದ ಹಗ್ಗ ಇದ್ದರೆ ಸಾಕು. ತಾಟು ಮರೆಯಾದ ಆಳದ ಸುಮಾರು ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಪಾಚಿಗೆ ಬೇಕಾದಷ್ಟು ಬೆಳಕಿದೆ ಎಂದು ತಿಳಿಯಬಹುದು. ಕೆರೆಯ ಆಳ ಅದಕ್ಕಿಂತ ಕಡಿಮೆಯಿದ್ದರೆ ತಳಕ್ಕೆ ಬೆಳಕು ತಲುಪುತ್ತಿದೆ, ತಳವಾಸಿಗಳಿಗೆ ಅವಕಾಶವಿದೆ.

ಹಗಲಿನ ಉಸಿರು, ರಾತ್ರಿಯ ಸಾಲ

ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ಬಿಸಿಲೇರಿದಾಗ ತಳದ ಹಸಿರಿನ ಮೇಲೆ ಸಣ್ಣ ಗುಳ್ಳೆಗಳು ಕಟ್ಟುವುದನ್ನು ನೋಡಿರಬಹುದು. ಗುಳ್ಳೆಗಳು ಹೆಚ್ಚಾದಾಗ ಅವೇ ಪಾಚಿಯ ಹೊದಿಕೆಯನ್ನು ತಳದಿಂದ ಬಿಡಿಸಿ ಮೇಲಕ್ಕೆತ್ತುತ್ತವೆ. ನಡುಹಗಲಿನಲ್ಲಿ ದಡದ ಬಳಿ ಒಮ್ಮೆಲೇ ತೇಲಿಬರುವ ಹಾವಸೆ ನಿನ್ನೆಯವರೆಗೆ ತಳದಲ್ಲೇ ಇದ್ದದ್ದು.

ರಾತ್ರಿ ಪಾಚಿಯೂ ಉಸಿರಾಡುತ್ತದೆ, ಆಮ್ಲಜನಕವನ್ನು ಬಳಸುತ್ತದೆ. ಬ್ಯಾಕ್ಟೀರಿಯಾಗಳಂತೂ ಹಗಲು ರಾತ್ರಿ ಬಳಸುತ್ತಲೇ ಇರುತ್ತವೆ. ಜೊತೆಗೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ನಮ್ಮ ಏಪ್ರಿಲ್, ಮೇ ತಿಂಗಳ ಮಡುವಿನಲ್ಲಿ ಈ ಸಣ್ಣ ದಾಸ್ತಾನು ನಸುಕಿನ ಹೊತ್ತಿಗೆ ತೀರಿಹೋಗಬಹುದು. ಇಂಥ ಮಡುಗಳಲ್ಲಿ ಮೀನುಗಳು ಬೆಳಗಿನ ಜಾವವೇ ಬಾಯಿ ಮೇಲೆತ್ತಿ ಒದ್ದಾಡಿ ಸಾಯುವುದು ಇದಕ್ಕೇ. ಮಧ್ಯಾಹ್ನ ಬಂದು ನೀರಿನ ಮಾದರಿ ತೆಗೆದರೆ ಆಮ್ಲಜನಕ ಸಾಕಷ್ಟಿದೆ ಎಂದೇ ವರದಿ ಬರುತ್ತದೆ. ಅಳೆಯಬೇಕಾದದ್ದು ಸೂರ್ಯೋದಯಕ್ಕೆ ಮುಂಚೆ.

ಕಬ್ಬಿನ ಸೀಮೆಯಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಸಕ್ಕರೆಯ ಅಂಶವಿರುವ ಯಾವುದೇ ತ್ಯಾಜ್ಯ ನೀರು ಬ್ಯಾಕ್ಟೀರಿಯಾಗಳಿಗೆ ಸಿದ್ಧ ಅನ್ನ. ಅದು ಹಳ್ಳಕ್ಕೆ ಸೇರಿದರೆ ತಳದ ಬ್ಯಾಕ್ಟೀರಿಯಾಗಳು ಅದನ್ನು ಕರಗಿಸುವ ಭರದಲ್ಲಿ ಮೀನಿನ ಪಾಲಿನ ಉಸಿರನ್ನೂ ಬಳಸಿಬಿಡುತ್ತವೆ. ನೀರಿಗೆ ವಿಷ ಬೆರೆಯದಿದ್ದರೂ ಮೀನು ಸಾಯುತ್ತದೆ.

ಕೆಸರಿನೊಳಗಿನ ಪಾಳಿ

ಒಂದು ಗ್ರಾಂ ಕೆಸರಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರಬಲ್ಲವು. ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಆಳಕ್ಕೆ ತಕ್ಕಂತೆ ಕೆಲಸ ಹಂಚಿಹೋಗಿದೆ.

ಸತ್ತ ಎಲೆ, ಪಾಚಿ, ಮೀನಿನ ಹಿಕ್ಕೆ ಎಲ್ಲವೂ ಕೊನೆಗೆ ತಳಕ್ಕೆ ಬರುತ್ತದೆ. ಕೆಸರಿನ ಮೇಲ್ಮೈಯ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸಿ ಇದನ್ನು ಕೊಳೆಸುತ್ತವೆ. ಗೊಬ್ಬರಾಂಶ ತುಂಬಿದ ಕೆರೆಗಳಲ್ಲಿ ಆಮ್ಲಜನಕ ಕೆಸರಿನೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಅಲ್ಲಿಂದ ಕೆಳಗೆ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸಿ ಉಸಿರಾಡುತ್ತವೆ. ಅದೂ ಮುಗಿದರೆ ಮ್ಯಾಂಗನೀಸ್, ಕಬ್ಬಿಣ, ಅದರಾಚೆ ಸಲ್ಫೇಟ್. ಸಲ್ಫೇಟ್ ಬಳಸುವವು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಕೆಸರು ಕಲಕಿದಾಗ ಬರುವ ಕೊಳೆತ ಮೊಟ್ಟೆಯ ನಾತ ಅದರದು; ಅದು ಕಬ್ಬಿಣದೊಂದಿಗೆ ಸೇರಿದಾಗ ಕೆಸರು ಕಪ್ಪಾಗುತ್ತದೆ. ಎಲ್ಲಕ್ಕಿಂತ ಕೆಳಗೆ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳಿವೆ. 1776ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಇಟಲಿಯ ಮಜ್ಜೊರೆ ಸರೋವರದ ಜೌಗಿನಲ್ಲಿ ಕೋಲಿನಿಂದ ಕೆಸರು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು, ಅದು ಉರಿಯುವ ಅನಿಲ ಎಂದು ತೋರಿಸಿದ. ನಮ್ಮ ಗೋಬರ್ ಗ್ಯಾಸ್ ತೊಟ್ಟಿಯೊಳಗೆ ದುಡಿಯುವುದೂ ಇದೇ ಕುಲದ ಜೀವಿಗಳು.

ಈ ಪಾಳಿಯಲ್ಲಿ ನಮಗೆ ನೇರವಾಗಿ ಉಪಕಾರ ಮಾಡುವವು ನೈಟ್ರೇಟ್ ಬಳಸುವ ಬ್ಯಾಕ್ಟೀರಿಯಾಗಳು. ಹೊಲಕ್ಕೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ಹಳ್ಳ, ಬಾವಿಗಳಿಗೆ ಬರುತ್ತದೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು; ಹೆಚ್ಚಾದರೆ ಮುಖ್ಯವಾಗಿ ಎಳೆಯ ಕೂಸುಗಳಿಗೆ ಅಪಾಯ. ಕೆಸರಿನ ಈ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಹಿಂತಿರುಗಿಸುತ್ತವೆ. ನೀರಿನಿಂದ ಹೆಚ್ಚುವರಿ ಸಾರಜನಕ ಶಾಶ್ವತವಾಗಿ ಹೊರಹೋಗುವ ಮುಖ್ಯ ದಾರಿ ಇದು. ತಳ ಮಣ್ಣಿನದಾಗಿರುವ ಹಳ್ಳದಲ್ಲಿ ಈ ಕೆಲಸ ನಡೆಯುತ್ತದೆ. ಹಳ್ಳವನ್ನು ಕಾಂಕ್ರೀಟ್ ಕಾಲುವೆಯಾಗಿ ಮಾಡಿದರೆ ಬಹುಪಾಲು ನಿಂತುಹೋಗುತ್ತದೆ.

ಶಾಲೆಯ ಮಕ್ಕಳಿಗೆ ಇದನ್ನು ತೋರಿಸುವ ಸುಲಭದ ದಾರಿಯೊಂದಿದೆ. ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1880ರ ದಶಕದಲ್ಲಿ ರೂಪಿಸಿದ್ದು. ಪಾರದರ್ಶಕ ಬಾಟಲಿಯಲ್ಲಿ ಕೆರೆಯ ಕೆಸರು, ಹರಿದ ಕಾಗದದ ಚೂರು, ಸ್ವಲ್ಪ ಮೊಟ್ಟೆಯ ಹಳದಿ ಬೆರೆಸಿ, ಮೇಲೆ ಕೆರೆಯ ನೀರು ಹಾಕಿ, ಮುಚ್ಚಳ ಬಿಗಿಮಾಡದೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ವಾರಗಟ್ಟಲೆ ಇಡಬೇಕು. ಮೇಲೆ ಹಸಿರು, ನಡುವೆ ನೇರಳೆ, ತಳದಲ್ಲಿ ಕಪ್ಪು ಹೀಗೆ ಪದರಗಳು ತಾವಾಗಿಯೇ ಮೂಡುತ್ತವೆ.

ರಂಜಕವೆಂಬ ಕಾಳು, ಕೆಸರೆಂಬ ಹಗೇವು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಿಹಿನೀರಿನಲ್ಲಿ ಪಾಚಿ ಎಷ್ಟು ಬೆಳೆಯಬೇಕೆಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ರಂಜಕ, ಎಂದರೆ ನಾವು ಡಿಎಪಿ ಗೊಬ್ಬರದಲ್ಲಿ ಹೊಲಕ್ಕೆ ಹಾಕುವ ಫಾಸ್ಫರಸ್. ಗೊಬ್ಬರ, ಚರಂಡಿ ನೀರು, ಸಗಣಿ, ಕೊಚ್ಚಿಬಂದ ಮಣ್ಣು ಇವುಗಳೊಂದಿಗೆ ಅದು ಕೆರೆಗೆ ಬರುತ್ತದೆ. ಬಂದದ್ದರಲ್ಲಿ ಬಹಳಷ್ಟು ಮಣ್ಣಿನ ಕಬ್ಬಿಣದೊಂದಿಗೆ ಬೆಸೆದುಕೊಂಡು ತಳ ಸೇರುತ್ತದೆ.

ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಹಾಕಿ, ಮಣ್ಣು ಮೆತ್ತಿ ಇಡುತ್ತಿದ್ದರಲ್ಲ, ಕೆಸರು ರಂಜಕವನ್ನು ಹಾಗೆ ಕೂಡಿಡುತ್ತದೆ. ಬಾಯಿ ಮುಚ್ಚಿರುವವರೆಗೆ ಒಳಗಿನ ಕಾಳು ಒಳಗೇ. ಹಗೇವಿನ ಮುಚ್ಚಳ ಗಾಳಿಯನ್ನು ಹೊರಗಿಡುತ್ತದೆ. ಕೆರೆಯ ತಳದ ಮುಚ್ಚಳ ಮಾತ್ರ ಆಮ್ಲಜನಕದಿಂದಲೇ ಆದದ್ದು. ಕೆಸರಿನ ಮೇಲ್ಮೈಯಲ್ಲಿ ಆಮ್ಲಜನಕ ಇರುವಷ್ಟು ಕಾಲ ಕಬ್ಬಿಣ ತುಕ್ಕಿನ ರೂಪದಲ್ಲಿ ಇದ್ದು ರಂಜಕವನ್ನು ಬಿಗಿಹಿಡಿಯುತ್ತದೆ. ಆಮ್ಲಜನಕ ತೀರಿದರೆ ತುಕ್ಕು ಕರಗುತ್ತದೆ, ರಂಜಕ ನೀರಿಗೆ ಏರುತ್ತದೆ. ಇಂಗ್ಲೆಂಡಿನ ಸರೋವರಗಳಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದವರು ಕ್ಲಿಫರ್ಡ್ ಮಾರ್ಟಿಮರ್, 1941 ಮತ್ತು 1942ರ ತಮ್ಮ ಲೇಖನಗಳಲ್ಲಿ.

ತಳವಾಸಿ ಪಾಚಿಯ ಮಹತ್ವ ಇಲ್ಲಿಯೇ ಇದೆ. ಕೆಸರಿನ ಮೇಲೆ ಹಬ್ಬಿದ ಪಾಚಿ ಹಗಲೆಲ್ಲ ಆಮ್ಲಜನಕ ಸುರಿದು ಆ ಮುಚ್ಚಳವನ್ನು ಗಟ್ಟಿಯಾಗಿಡುತ್ತದೆ. ಜಾರಿ ಮೇಲೆ ಬರುವ ರಂಜಕವನ್ನು ತಾನೇ ಹೀರಿಕೊಳ್ಳುತ್ತದೆ. ತನ್ನ ಅಂಟಿನಿಂದ ಕೆಸರಿನ ಕಣಗಳನ್ನು ಹಿಡಿದಿಟ್ಟು ಗಾಳಿಗೆ ನೀರು ಕದಡದಂತೆ ಮಾಡುತ್ತದೆ. ನೀರು ತಿಳಿಯಾಗಿದ್ದರೆ ಅದಕ್ಕೆ ಬೆಳಕು, ಅದು ಬದುಕಿದ್ದರೆ ನೀರು ತಿಳಿ. ಗೊಬ್ಬರಾಂಶ ಮಿತಿ ಮೀರಿದಾಗ ತೇಲು ಪಾಚಿ ಮೇಲೆ ಹಬ್ಬಿ ತಳಕ್ಕೆ ಬೆಳಕನ್ನು ತಡೆಯುತ್ತದೆ. ತಳದ ಪಾಚಿ ಸಾಯುತ್ತದೆ, ಕೊಳೆಯುತ್ತದೆ, ಆಮ್ಲಜನಕ ತೀರುತ್ತದೆ, ಹಗೇವಿನ ಬಾಯಿ ತೆರೆಯುತ್ತದೆ. ಹೊರಬಿದ್ದ ರಂಜಕ ಮತ್ತೆ ತೇಲು ಪಾಚಿಗೇ ಅನ್ನ. ಒಮ್ಮೆ ಹಸಿರಾದ ಆಳವಿಲ್ಲದ ಕೆರೆ ಹಸಿರಾಗಿಯೇ ಉಳಿಯಲು ಹಟ ಹಿಡಿಯುವುದರ ಗುಟ್ಟು ಇದು.

ಒಣಗಿದ ಕೆರೆಗೆ ನೀರು ತುಂಬಿಸಿದಾಗಲೂ ಇಂಥದ್ದೇ ನಡೆಯುತ್ತದೆ. ಬಿಸಿಲಿಗೆ ಒಣಗಿದ ಕೆಸರಿನಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಸತ್ತಿರುತ್ತವೆ. ಅಲ್ಲಿ ದನ ಮೇದಿರುತ್ತವೆ, ಜಾಲಿ, ಹುಲ್ಲು ಬೆಳೆದಿರುತ್ತವೆ. ನೀರು ಮುಟ್ಟಿದ ಕೂಡಲೇ ಅವುಗಳಲ್ಲಿದ್ದ ಸಾರಜನಕ, ರಂಜಕ ಒಮ್ಮೆಲೇ ಬಿಡುಗಡೆಯಾಗುತ್ತವೆ. ಮುಳುಗಿದ ಹುಲ್ಲು ಕೊಳೆತು ಆಮ್ಲಜನಕ ಕುಗ್ಗುತ್ತದೆ. ಹೊಸದಾಗಿ ತುಂಬಿದ ಜಲಾಶಯಗಳಲ್ಲಿ ಮೊದಲ ಕೆಲವು ವರ್ಷ ಪಾಚಿಯೂ ಮೀನೂ ಹುಲುಸಾಗಿ ಬೆಳೆದು ಆಮೇಲೆ ತಗ್ಗುವುದು ಜಗತ್ತಿನ ಅನೇಕ ಕಡೆ ಕಂಡುಬಂದಿದೆ. ಆದ್ದರಿಂದ ಕೃಷ್ಣೆಯ ನೀರು ಕೆಟ್ಟದ್ದೆಂದು ಅವಸರದಲ್ಲಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ನೀರಿಳಿದಾಗ ತಳ ಬಯಲಾಗಿ, ಮಳೆಗಾಲದಲ್ಲಿ ಮತ್ತೆ ಮುಳುಗುವ ಅಂಚಿನ ನೆಲದಲ್ಲೂ ಪ್ರತಿವರ್ಷ ಒಣಗು-ನೆನೆಗಳ ಈ ಚಕ್ರ ತಿರುಗುತ್ತದೆ. ಅಲ್ಲಿ ಬಿತ್ತಿದ ಬೆಳೆಗೆ ಹಾಕುವ ಗೊಬ್ಬರದ ಉಳಿಕೆ ಮುಂದಿನ ನೀರಿಗೆ ಸೇರುತ್ತದೆ ಎಂಬುದನ್ನೂ ನೆನಪಿಡಬೇಕು.

ಮೇಯುವವರು

ಲೋಳೆಯನ್ನು ಮೇಯಲು ದೊಡ್ಡ ಬಳಗವೇ ಇದೆ: ಬಸವನಹುಳು, ಗೊದಮೊಟ್ಟೆ, ನೀರಿನಲ್ಲಿ ಬೆಳೆಯುವ ಕೀಟಗಳ ಮರಿಗಳು, ಕಲ್ಲಿಗೆ ಬಾಯಿ ಹಚ್ಚಿ ಕೆರೆಯುವ ಮೀನುಗಳು. ಮೀನು ಸಾಕುವವರಿಗೆ ಗೊತ್ತು, ಕಾಟ್ಲಾ ಮೇಲೆ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಡಯಾಟಮ್‌ಗಳಲ್ಲಿ ಪ್ರಾಣಿಗಳು ತಾವಾಗಿ ಸುಲಭದಲ್ಲಿ ತಯಾರಿಸಿಕೊಳ್ಳಲಾರದ ಒಮೆಗಾ-3 ಕೊಬ್ಬಿನಾಮ್ಲಗಳಿವೆ. ಮೀನಿನೆಣ್ಣೆಯ ಗುಣ ಎಂದು ನಾವು ಹೊಗಳುವುದರ ಮೂಲ ಬಹುಮಟ್ಟಿಗೆ ಪಾಚಿಯಲ್ಲಿದೆ. ಆಲಮಟ್ಟಿಯ ಹಿನ್ನೀರಿಗೆ ಬರುವ ಫ್ಲೆಮಿಂಗೊ ಹಕ್ಕಿಗಳು ತಲೆಯನ್ನು ಬುಡಮೇಲು ಮಾಡಿ ಕೊಕ್ಕಿನಿಂದ ಕೆಸರು ಸೋಸುವುದು ಇದೇ ಊಟಕ್ಕೆ, ತಳದ ಹುಳು, ಸಿಗಡಿ, ಪಾಚಿಗಳಿಗೆ. ಅವುಗಳ ಗುಲಾಬಿ ಬಣ್ಣ ಆ ಆಹಾರದ ವರ್ಣದ್ರವ್ಯಗಳಿಂದ ಬಂದದ್ದು.

ಎಲ್ಲ ಮೀನೂ ಕೆರೆಗೆ ಒಳ್ಳೆಯದಲ್ಲ. ಹೊರದೇಶದಿಂದ ಬಂದ ಸಾಮಾನ್ಯ ಗೆಂಡೆ ಮೀನು ತಳವನ್ನು ಮೂತಿಯಿಂದ ಅಗೆಯುತ್ತ ಮೇಯುತ್ತದೆ. ಹೆಚ್ಚಿನ ಸಂಖ್ಯೆಯಲ್ಲಿ ಬಿಟ್ಟರೆ ಸಣ್ಣ ಕೆರೆ ಸದಾ ರಾಡಿಯಾಗಿಯೇ ಇರುತ್ತದೆ. ತಿಳಿ ನೀರು ಬೇಕೆನ್ನುವ ಕುಡಿಯುವ ನೀರಿನ ಕೆರೆಗೆ ಅದನ್ನು ಬಿಡುವ ಮುಂಚೆ ಪಂಚಾಯತಿಗಳು ಯೋಚಿಸಬೇಕು.

ಮರಳಿನ ಪದರ ಒಂದು ಊರನ್ನು ಕಾಯ್ದದ್ದು

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಸುಮಾರು 8,600 ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣ ನದಿಯ ಕೆಳದಂಡೆಯಲ್ಲಿತ್ತು, ಹ್ಯಾಂಬರ್ಗ್‌ನ ಚರಂಡಿ ಬೆರೆತ ಎಲ್ಬೆ ನದಿಯ ನೀರನ್ನೇ ಎತ್ತುತ್ತಿತ್ತು. ಆದರೂ ಅಲ್ಲಿ ರೋಗ ಬಹಳ ಕಡಿಮೆ. ವ್ಯತ್ಯಾಸ ಒಂದೇ: ಆಲ್ಟೋನಾ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಸೋಸುತ್ತಿತ್ತು. ಲಂಡನ್ನಿನಲ್ಲಿ 1829ರಲ್ಲಿಯೇ ಜೇಮ್ಸ್ ಸಿಂಪ್ಸನ್ ಇಂಥ ಶೋಧಕ ಕಟ್ಟಿದ್ದರು. ಇದರಲ್ಲಿ ಸೋಸುವ ಮುಖ್ಯ ಕೆಲಸ ಮರಳಿನದಲ್ಲ. ಮರಳಿನ ಮೇಲ್ಭಾಗದಲ್ಲಿ ಕೆಲವು ದಿನ, ವಾರಗಳಲ್ಲಿ ಕಟ್ಟಿಕೊಳ್ಳುವ ಪಾಚಿ, ಬ್ಯಾಕ್ಟೀರಿಯಾ, ಏಕಕೋಶ ಪ್ರಾಣಿಗಳ ಲೋಳೆಯದು. ರೋಗಾಣುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿಯ ಜೀವಿಗಳಿಗೆ ಆಹಾರವಾಗುತ್ತವೆ.

ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ ಕುಡಿಯುವ ನೀರು ತರುತ್ತಿದ್ದ ನಮ್ಮ ಹೆಣ್ಣುಮಕ್ಕಳು ನಂಬಿದ್ದು ಇದೇ ವ್ಯವಸ್ಥೆಯನ್ನು. ಪ್ರತಿಯೊಂದು ಮರಳಿನ ಕಣದ ಮೈಮೇಲೂ ಸೂಕ್ಷ್ಮಜೀವಿಗಳ ತೆಳು ಲೇಪವಿದೆ. ಮರಳನ್ನು ಲಾರಿಗಟ್ಟಲೆ ಹೊತ್ತೊಯ್ದರೆ ಹೋಗುವುದು ಕಟ್ಟಡದ ಸಾಮಗ್ರಿ ಮಾತ್ರವಲ್ಲ, ನದಿಯ ಸೋಸುವ ಶಕ್ತಿಯೂ ಹೋಗುತ್ತದೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ನಷ್ಟ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಕಲಾದಗಿಯ ಕಲ್ಲಿನಲ್ಲಿ ಉಳಿದ ಗುರುತು

ಬಾಗಲಕೋಟೆ, ಲೋಕಾಪುರ ಸುತ್ತಿನ ಸುಣ್ಣದಕಲ್ಲು ಸಿಮೆಂಟಿಗೆ ಹೆಸರಾದದ್ದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎಂದು ಕರೆಯುವ ಈ ಬಂಡೆಗಳ ಕೆಲವು ಸ್ತರಗಳಲ್ಲಿ ಒಂದರ ಮೇಲೊಂದು ಬಾಗಿದ ತೆಳು ಪದರಗಳ ವಿನ್ಯಾಸವಿದೆ. ಸ್ಟ್ರೊಮ್ಯಾಟೊಲೈಟ್ ಎಂಬ ಈ ರಚನೆ ನೂರು ಕೋಟಿ ವರ್ಷಕ್ಕೂ ಹಿಂದೆ, ಇಲ್ಲಿ ಆಳವಿಲ್ಲದ ಕಡಲಿದ್ದಾಗ, ಅದರ ತಳದಲ್ಲಿ ಹಬ್ಬಿದ್ದ ಸೂಕ್ಷ್ಮಜೀವಿಗಳ ಲೋಳೆ ಕಟ್ಟಿದ್ದು. ಲೋಳೆ ಸುಣ್ಣದ ಕಣಗಳನ್ನು ಹಿಡಿಯಿತು, ಅದರ ಮೇಲೆ ಬೆಳೆಯಿತು, ಮತ್ತೆ ಹಿಡಿಯಿತು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇಂಥವು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ. ಇನ್ನೂ ಹಿಂದೆ, ಸುಮಾರು 240 ಕೋಟಿ ವರ್ಷಗಳ ಹಿಂದೆ, ಭೂಮಿಯ ಗಾಳಿಗೆ ಮೊದಲ ಬಾರಿಗೆ ಗಣನೀಯ ಆಮ್ಲಜನಕ ಸೇರಿದ್ದು ನೀಲಿ-ಹಸಿರು ಪಾಚಿಯ ಪೂರ್ವಜರಿಂದ.

ಮಣ್ಣಿನ ವಾಸನೆ ಮತ್ತು ವಿಷ, ಎರಡೂ ಬೇರೆ

ಬೇಸಿಗೆಯ ನಲ್ಲಿ ನೀರಿಗೆ ಬರುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಕೆಲವು ನೀಲಿ-ಹಸಿರು ಪಾಚಿಗಳು, ಕೆಸರಿನ ಆಕ್ಟಿನೊಮೈಸೀಟ್ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಮೊದಲ ಮಳೆಗೆ ನೆಲದಿಂದೇಳುವ ಪರಿಮಳದಲ್ಲಿರುವುದೂ ಅದೇ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲು ಒಂದು ಲೀಟರಿನಲ್ಲಿ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ನೀರಿನಲ್ಲಿ ಕಂಡುಬರುವ ಪ್ರಮಾಣದಲ್ಲಿ ಜಿಯೋಸ್ಮಿನ್ ವಿಷವಲ್ಲ.

ವಿಷದ ವಿಷಯ ಬೇರೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಅಥವಾ ನರಗಳಿಗೆ ಹಾನಿ ಮಾಡುವ ವಿಷಗಳನ್ನು ತಯಾರಿಸುತ್ತವೆ. ಮೈಕ್ರೊಸಿಸ್ಟಿನ್ ಎಂಬ ಯಕೃತ್ತಿನ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜೀವನಪೂರ್ತಿ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೊಗ್ರಾಂ ಎಂಬ ತಾತ್ಕಾಲಿಕ ಮಿತಿ ಇಟ್ಟಿದೆ. ಇದು ಕುದಿಸಿದರೆ ಹೋಗುವುದಿಲ್ಲ. 2003ರಲ್ಲಿ ಫ್ರಾನ್ಸಿನ ಟಾರ್ನ್ ನದಿಯ ದಂಡೆಯಲ್ಲಿ ನಾಯಿಗಳು ಸತ್ತಾಗ ಕಾರಣ ತಳದಿಂದ ಕಿತ್ತುಬಂದ ಪಾಚಿಯ ಹೊದಿಕೆ ಎಂದು ಗೊತ್ತಾಯಿತು. ನದಿಯ ನೀರು ನೋಡಲು ತಿಳಿಯಾಗಿಯೇ ಇತ್ತು. ವಾಸನೆ ಇದ್ದರೆ ವಿಷವಿದೆ ಎಂದೂ ಇಲ್ಲ, ವಾಸನೆ ಇಲ್ಲದಿದ್ದರೆ ವಿಷವಿಲ್ಲ ಎಂದೂ ಇಲ್ಲ. ಪರೀಕ್ಷೆಯಿಂದಲೇ ತಿಳಿಯಬೇಕು. ಅಲ್ಲಿಯವರೆಗೆ ದಡದಲ್ಲಿ ಹಾವಸೆ ದಪ್ಪವಾಗಿ ಕೂಡಿದ ಕಡೆ ದನಕರುಗಳಿಗೆ ನೀರು ಕುಡಿಸಬಾರದು, ಮಕ್ಕಳನ್ನು ಆಡಲು ಬಿಡಬಾರದು.

ಔಷಧ ಹಾಕುವ ಮುನ್ನ, ಹೂಳೆತ್ತುವ ಮುನ್ನ

ಹಸಿರು ಕಂಡ ಕೂಡಲೇ ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟ್, ಹಾಕುವ ರೂಢಿ ಹಲವೆಡೆ ಇದೆ. ಪಾಚಿ ಸಾಯುವುದು ನಿಜ. ಸತ್ತ ಪಾಚಿ ತಳಕ್ಕಿಳಿದು ಕೊಳೆತು ಆಮ್ಲಜನಕವನ್ನು ತೀರಿಸುತ್ತದೆ, ಒಡೆದ ಕೋಶಗಳಿಂದ ವಿಷವಿದ್ದರೆ ಅದು ಒಮ್ಮೆಲೇ ನೀರಿಗೆ ಬೆರೆಯುತ್ತದೆ, ತಾಮ್ರ ಕೆಸರಿನಲ್ಲಿ ಉಳಿದುಕೊಂಡು ತಳದ ಜೀವಿಗಳನ್ನು ಕೊಲ್ಲುತ್ತದೆ. ಹಬ್ಬ, ಜಾತ್ರೆಯ ಮುಂಚೆ ಸ್ನಾನಘಟ್ಟದ ಮೆಟ್ಟಿಲಿನ ಹಾವಸೆಯನ್ನು ಉಜ್ಜಿ ತೆಗೆಯುವುದು ಬೇರೆ ಮಾತು. ಜಾರಿ ಬೀಳುವವರನ್ನು ಉಳಿಸಲು ಅದು ಬೇಕು, ಅದರಿಂದ ನದಿಗೆ ನಷ್ಟವಿಲ್ಲ.

ಹೂಳೆತ್ತುವುದು ಉಪಯುಕ್ತ, ಆದರೆ ಕ್ರಮ ತಪ್ಪಬಾರದು. ಸ್ವೀಡನ್ನಿನ ಟ್ರುಮ್ಮೆನ್ ಎಂಬ ಸರೋವರಕ್ಕೆ ಬರುತ್ತಿದ್ದ ಚರಂಡಿ ನೀರನ್ನು 1950ರ ದಶಕದ ಕೊನೆಯಲ್ಲಿಯೇ ತಿರುಗಿಸಿದರೂ ಹತ್ತು ವರ್ಷ ಕಳೆದರೂ ನೀರು ಸುಧಾರಿಸಲಿಲ್ಲ, ಏಕೆಂದರೆ ತಳದಲ್ಲಿ ಕೂಡಿದ್ದ ರಂಜಕ ಮೇಲೆ ಬರುತ್ತಲೇ ಇತ್ತು. 1970 ಮತ್ತು 1971ರಲ್ಲಿ ಮೇಲಿನ ಸುಮಾರು ಒಂದು ಮೀಟರ್ ಕೆಸರನ್ನು ತೆಗೆದ ಮೇಲೆ ರಂಜಕ ಕುಸಿಯಿತು, ನೀಲಿ-ಹಸಿರು ಪಾಚಿ ತಗ್ಗಿತು. ಅಲ್ಲಿ ಮೊದಲು ನಿಲ್ಲಿಸಿದ್ದು ಚರಂಡಿ, ಆಮೇಲೆ ತೆಗೆದದ್ದು ಕೆಸರು. ನಮ್ಮ ಕೆರೆಗಳಲ್ಲಿ ಊರ ಚರಂಡಿ ಬಂದು ಬೀಳುತ್ತಿರುವಾಗಲೇ ಹೂಳೆತ್ತಿದರೆ ಆ ಖರ್ಚು ಕೆಲವೇ ವರ್ಷಗಳಲ್ಲಿ ಮತ್ತೆ ಕೆಸರಾಗುತ್ತದೆ. ಎತ್ತಿದ ಮೇಲ್ಪದರದ ಹೂಳಿನಲ್ಲಿ ರಂಜಕ ಇರುವುದರಿಂದಲೇ ಅದು ಹೊಲಕ್ಕೆ ಒಳ್ಳೆಯ ಗೊಬ್ಬರ. ಕಾರ್ಖಾನೆಯ ನೀರು ಸೇರದ ಕೆರೆಯದಾದರೆ ರೈತರು ನಿಶ್ಚಿಂತೆಯಿಂದ ಒಯ್ಯಬಹುದು, ಸೇರುವ ಕಡೆ ಭಾರ ಲೋಹಗಳ ಪರೀಕ್ಷೆ ಮಾಡಿಸಿಯೇ ಒಯ್ಯಬೇಕು. ಎತ್ತಿದ ಹೂಳನ್ನು ಕೆರೆಯ ಏರಿಯ ಒಳಮಗ್ಗುಲಲ್ಲಿ ರಾಶಿ ಹಾಕಿದರೆ ಮುಂದಿನ ಮಳೆಗೆ ಅದು ಮತ್ತೆ ತಳಕ್ಕೇ ಇಳಿಯುತ್ತದೆ.